ಇದನ್ನು ನಿನಗೆ ಹೇಳಿದವರು ಯಾರು?

2018ರ ಮೇ ತಿಂಗಳು. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂಬ ಸಂದೇಶ ನನ್ನ ಮೊಬೈಲಿಗೂ ಬಂತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಜೊತೆಗಿತ್ತು. ನಾಲ್ಕು ಜನರಿಗೆ ಉಪಕಾರವಾಗಲಿ ಎಂದು ಬಂಧುಗಳಿಗೆಲ್ಲ ಕಳುಹಿಸಿದೆ. ಎರಡು ದಿನಗಳ ಬಳಿಕ, ನಮ್ಮ ಬೀದಿಗೆ ಪಿನ್ನು, ಬಾಚಣಿಗೆ ಮಾರಲು ಬಂದ ಹೆಂಗಸನ್ನು ಜನ ಸುತ್ತುವರಿದರು. ಆಕೆಯ ಚೀಲವನ್ನು ರಸ್ತೆಗೆ ಸುರಿದರು. ಗುರುತಿನ ಹಿರಿಯರೊಬ್ಬರು ಬಂದು ಬಿಡಿಸಿದರು. ನಡುಗುವ ಕೈಗಳಿಂದ ಆಕೆ ಬಾಚಣಿಗೆಗಳನ್ನು ಆರಿಸಿಕೊಳ್ಳುತ್ತಿದ್ದಾಗ ನನಗೆ ತಲೆ ಎತ್ತಲಾಗಲಿಲ್ಲ.

ಆ ವಿಡಿಯೊ ನಮ್ಮ ದೇಶದ್ದೇ ಅಲ್ಲ. ಮಕ್ಕಳ ಸುರಕ್ಷತೆಗಾಗಿ ಕರಾಚಿಯ ಸಂಸ್ಥೆಯೊಂದು ಮಾಡಿಸಿದ ಜಾಗೃತಿ ಚಿತ್ರವದು. ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿಸುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದ್ದರು. ಅದೇ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬ ಇಂತಹ ವದಂತಿಗೆ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬರನ್ನು ಗುಂಪು ಕೊಂದಿತು. ಅವರ ತಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ. ಅವರ ಕಾರಿಗಿಂತ ಮೊದಲು ವಾಟ್ಸಾಪ್ ಸುದ್ದಿ ಮುರ್ಕಿ ತಲುಪಿತ್ತು.

ಸುದ್ದಿ ಬಂದಾಗ ಪರಿಶೀಲಿಸಿರಿ, ಇಲ್ಲದಿದ್ದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಿರಿ ಎಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಎಚ್ಚರಿಸುತ್ತದೆ. ಮದ್ರಸದಲ್ಲಿ ಎಷ್ಟೋ ಸಲ ಓದಿದ್ದ ಈ ಸೂಕ್ತದ ಅರ್ಥ ನನಗೆ ಆ ಬೀದಿಯಲ್ಲಿ ಮನದಟ್ಟಾಯಿತು.

ಸನದ್ ಇಲ್ಲದ ಮಾತು

ಹದೀಸ್ ವಿದ್ವಾಂಸರು ಯಾವುದೇ ವರದಿ ಬಂದರೂ ಮೊದಲು ಸನದ್ ಕೇಳುತ್ತಿದ್ದರು. ಹೇಳಿದವರು ಯಾರು? ಅವರು ಯಾರಿಂದ ಕೇಳಿದರು? ಅವರ ನೆನಪು, ನಡತೆ ಎಂತಹದು? ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ವರದಿ ದುರ್ಬಲ. ಇಂದು ಸಂದೇಶದ ಮೇಲೆ ‘ಫಾರ್ವರ್ಡೆಡ್’ ಎಂದು ಕಂಡರೆ ಅದನ್ನು ಬರೆದವರು ಕಳುಹಿಸಿದವರಲ್ಲ ಎಂದರ್ಥ. ಹೇಳಿದವರ ಗುರುತಿಲ್ಲದ ಮಾತು ಅದು.

ಹೈಸ್ಕೂಲಿನ ಮಕ್ಕಳಿಗೆ ನಾನು ಇದನ್ನೇ ಕಲಿಸುತ್ತೇನೆ. ಹಿರಿಯೂರಿನ ಮಾರಿಕಣಿವೆ ಕೋಡಿ ಬಿದ್ದ ಚಿತ್ರವೊಂದನ್ನು ತೋರಿಸಿ, ‘ಇದು ಯಾವಾಗಿನದು?’ ಎಂದು ಕೇಳಿದೆ. ‘ಈಗಿನದು’ ಎಂದರು ಎಲ್ಲರೂ. 1933ರ ನಂತರ ಆ ಜಲಾಶಯ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಮತ್ತೆ. ಚಿತ್ರ ನಿಜವೇ, ತಾರೀಖು ಸುಳ್ಳಾದರೆ? ಕೆಳಗಿನ ಊರಿನವರು ರಾತ್ರೋರಾತ್ರಿ ಮಕ್ಕಳನ್ನು ಎತ್ತಿಕೊಂಡು ಓಡಬೇಕಾದೀತು. ಹೊಳಲ್ಕೆರೆ ಕಡೆಯ ಮಕ್ಕಳಿಗೆ ಅಡಿಕೆ ದರದ ಸಂದೇಶ ಕೊಟ್ಟು, ಪತ್ರಿಕೆಯ ಮಾರುಕಟ್ಟೆ ಪುಟದೊಂದಿಗೆ ತಾಳೆ ನೋಡಿಸಬಹುದು. ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ.

ನೆರೆಯ ಕೇರಳದ ಕಣ್ಣೂರಿನಲ್ಲಿ ಜಿಲ್ಲಾಧಿಕಾರಿ ಮೀರ್ ಮುಹಮ್ಮದ್ ಅಲಿಯವರು 2018ರಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ಇಂತಹ ಪಾಠ ಆರಂಭಿಸಿದರು. ಲಸಿಕೆಯ ಬಗ್ಗೆ ಹರಡಿದ ಸುಳ್ಳಿಗೆ ಹೆದರಿ ಹೆತ್ತವರು ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಹಿಂಜರಿದದ್ದೂ ಇದಕ್ಕೊಂದು ಕಾರಣ.

ತಾಯಂದಿರಲ್ಲಿ ಒಂದು ಮಾತು

ಸಹೋದರಿಯರೇ, ನೀವು ಚಿತ್ರದುರ್ಗದಲ್ಲಿರಿ, ಹೊಸದುರ್ಗದಲ್ಲಿರಿ, ಶಾಲೆಯ ಪಾಠ ಉಳಿಯುವುದು ನಿಮ್ಮ ಅಡುಗೆಮನೆಯಲ್ಲಿ. ‘ಅಮ್ಮೀ, ಇದನ್ನು ನಿಮಗೆ ಹೇಳಿದವರು ಯಾರು?’ ಎಂದು ಮಗಳು ಕೇಳಿದರೆ ದೊಡ್ಡವರಿಗೆ ಎದುರಾಡುತ್ತಾಳೆಂದು ಗದರಬೇಡಿ. ಅವಳ ಜೊತೆ ಕೂತು ನೋಡಿ. ಗೊತ್ತಾಗದಿದ್ದರೆ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಮನುಷ್ಯ ಸುಳ್ಳುಗಾರನಾಗಲು ಸಾಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ನಮ್ಮ ಬೀದಿಗೆ ಆ ಹೆಂಗಸು ಮತ್ತೆ ಬರಲಿಲ್ಲ. ಕ್ಷಮೆ ಕೇಳುವ ಅವಕಾಶವೂ ನನಗೆ ಸಿಗಲಿಲ್ಲ. ಅಲ್ಲಾಹನು ನಮ್ಮ ನಾಲಿಗೆಯನ್ನೂ ಬೆರಳುಗಳನ್ನೂ ಸುಳ್ಳಿನಿಂದ ಕಾಪಾಡಲಿ.