ಫಿಟ್ಸ್ ಅಲ್ಲ ಅಂದ ಮೇಲೆ

ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ದಿನಗಳು. ಶಾಲೆಯ ಪ್ರಾರ್ಥನೆಯಲ್ಲಿ ನಿಂತಿದ್ದ ಹುಡುಗಿ ಕುಸಿದು ಬೀಳುತ್ತಾಳೆ ಅನ್ನಿ. ಕೈಕಾಲು ಸೆಟೆದುಕೊಂಡಿವೆ, ಕಣ್ಣು ಬಿಗಿಯಾಗಿ ಮುಚ್ಚಿವೆ, ಕರೆದರೆ ಓಗೊಡುತ್ತಿಲ್ಲ. ಯಾರೋ ಅಂಗೈಗೆ ಬೀಗದ ಕೈ ತುರುಕುತ್ತಾರೆ, ಇನ್ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಅರೇಹಳ್ಳಿಯಿಂದ ಬೇಲೂರು, ಬೇಲೂರಿನಿಂದ ಹಾಸನ. ಸ್ಕ್ಯಾನಿಂಗ್, ಇಇಜಿ ಎಲ್ಲ ಆಗುತ್ತದೆ. ಕೊನೆಗೆ ಸಿಗುವುದು ‘ಫಿಟ್ಸ್ ಅಲ್ಲ, ಏನೂ ಇಲ್ಲ, ಕರ್ಕೊಂಡು ಹೋಗಿ’ ಎಂಬ ಮಾತು. ಮುಂದಿನ ವಾರ ಅವಳು ಮತ್ತೆ ಬೀಳುತ್ತಾಳೆ. ಆಗ ಮನೆಯವರು ಶಾಸ್ತ್ರ ಕೇಳಿಸಲು ಹೊರಡುತ್ತಾರೆ, ಶಾಲೆಯಲ್ಲಿ ‘ನಾಟಕ ಆಡ್ತಾಳೆ’ ಅನ್ನುತ್ತಾರೆ.

ಗಾಳಿಯೂ ಅಲ್ಲ, ನಾಟಕವೂ ಅಲ್ಲ. ವೈದ್ಯರು ಇದನ್ನು ಡಿಸೋಸಿಯೇಟಿವ್ ಡಿಸಾರ್ಡರ್ ಎನ್ನುತ್ತಾರೆ. ಹಿಂದೆ ಹಿಸ್ಟೀರಿಯಾ ಎನ್ನುತ್ತಿದ್ದರು. ಚಿಕಿತ್ಸೆ ಶುರುವಾಗಬೇಕಾದದ್ದೇ ‘ಫಿಟ್ಸ್ ಅಲ್ಲ’ ಎಂದು ಗೊತ್ತಾದ ಮೇಲೆ. ನಮ್ಮಲ್ಲಿ ಬಹುಪಾಲು ಅಲ್ಲಿಗೇ ನಿಂತುಬಿಡುತ್ತದೆ.

ಒಳಗೆ ಆಗುವುದೇನು? ಭಯವಾದಾಗ ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮುಗುಟ್ಟುತ್ತವೆ, ಕೈ ಮುದುಡಿಕೊಳ್ಳುತ್ತದೆ, ತಲೆ ತಿರುಗುತ್ತದೆ. ಇದನ್ನು ಕಂಡು ಭಯ ಇನ್ನೂ ಹೆಚ್ಚುತ್ತದೆ. ಇಷ್ಟು ಆತಂಕದ ಪಾಲು. ಕೆಲವು ಮಕ್ಕಳಲ್ಲಿ ಮನಸ್ಸು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಹಿಸಲಾಗದ ಆ ಅನುಭವದಿಂದ ಅರಿವನ್ನೇ ಬಿಡಿಸಿಕೊಂಡುಬಿಡುತ್ತದೆ. ಎಲ್ಲರೂ ಬೀಳಬೇಕೆಂದೇನಿಲ್ಲ. ‘ಕ್ಲಾಸಲ್ಲಿ ಕೂತಿದ್ದೀನಿ, ಆದ್ರೆ ಎಲ್ಲ ಕನಸಿನ ಥರ ಕಾಣ್ತಿದೆ’, ‘ನನ್ನ ಕೈ ನಂದಲ್ಲ ಅನ್ಸತ್ತೆ’ ಎಂದು ಹೇಳುವ ಮಕ್ಕಳಲ್ಲೂ ಇರುವುದು ಇದರ ಸೌಮ್ಯ ರೂಪ. ಮೈಮೇಲೆ ಬರುವುದೂ ಅನೇಕ ಸಲ ಇದೇ ಬಳಗಕ್ಕೆ ಸೇರಿದ್ದು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ 1980ರ ಆಸುಪಾಸಿನಲ್ಲೇ ಅದನ್ನು ಅಧ್ಯಯನ ಮಾಡಿ ಬರೆದಿದ್ದರು.

ಹೀಗೆ ಬೀಳುವುದು ನಿಜವಾದ ಮೂರ್ಛೆರೋಗವಲ್ಲ ಎಂದು ಹೇಳಬೇಕಾದವರು ವೈದ್ಯರು, ನೆರೆಹೊರೆಯವರಲ್ಲ. ಮೂರ್ಛೆರೋಗದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ನಾಲಿಗೆಯ ಅಂಚು ಕಚ್ಚಿಹೋಗಬಹುದು, ಎರಡು ಮೂರು ನಿಮಿಷದಲ್ಲಿ ಸೆಳೆತ ನಿಲ್ಲುತ್ತದೆ. ಡಿಸೋಸಿಯೇಟಿವ್ ತೊಂದರೆಯಲ್ಲಿ ಕಣ್ಣು ಮುಚ್ಚಿರುವುದೇ ಹೆಚ್ಚು, ಹೊತ್ತು ಹಿಡಿಯುತ್ತದೆ, ತಲೆ ಅತ್ತಿತ್ತ ಹೊರಳುತ್ತದೆ. ಕೆಲವರಲ್ಲಿ ಎರಡೂ ಇರುತ್ತವೆ. ಹಾಗಾಗಿ ಮೊದಲ ಸಲ ಬಿದ್ದಾಗ ಆಸ್ಪತ್ರೆಗೆ ಹೋಗಲೇಬೇಕು. ಸೆಳೆತ ಐದು ನಿಮಿಷ ದಾಟಿದರೆ ಕಾಯುವ ಮಾತೇ ಇಲ್ಲ. ಯಾರಾದರೂ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿದರೆ ಬಹಳ ಅನುಕೂಲ. ಆದರೆ ಅದು ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು.

ಚಿಕಿತ್ಸೆಯ ಮೊದಲ ಮದ್ದು ವಿವರಣೆ. ‘ನಿನಗೆ ಆಗುತ್ತಿರುವುದು ನಿಜ, ನೀನು ಬೇಕೆಂದು ಮಾಡುತ್ತಿಲ್ಲ, ಮಿದುಳಿಗೆ ಪೆಟ್ಟಾಗಿಲ್ಲ, ಇದು ವಾಸಿಯಾಗುತ್ತದೆ’ ಎಂದು ವೈದ್ಯರು ತಂದೆತಾಯಿಯ ಎದುರಿಗೇ ಮಗುವಿಗೆ ಹೇಳಬೇಕು. ಕೆಲವರಿಗೆ ಇಷ್ಟರಿಂದಲೇ ಬೀಳುವುದು ಕಡಿಮೆಯಾಗುತ್ತದೆ. ಮಾತ್ರೆಯ ವಿಚಾರದಲ್ಲೂ ಇಲ್ಲೊಂದು ಎಚ್ಚರಿಕೆ ಬೇಕು: ಮೂರ್ಛೆರೋಗದ ಗುಳಿಗೆ ಈ ತೊಂದರೆಗೆ ಕೆಲಸ ಮಾಡುವುದಿಲ್ಲ, ಹಾಗಂತ ಈಗಾಗಲೇ ನುಂಗುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಆಮೇಲೆ ಮನಶ್ಶಾಸ್ತ್ರಜ್ಞರ ಕೆಲಸ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆ, ಕೆಲವು ತಿಂಗಳು. ಬೀಳುವ ಮುಂಚೆ ಏನಾಗಿತ್ತು, ಮೈಯಲ್ಲಿ ಮೊದಲು ಏನು ಗೊತ್ತಾಯಿತು ಎಂದು ಮಗುವಿನ ಜೊತೆ ಕೂತು ಬರೆಸುತ್ತಾರೆ. ಬಹಳ ಮಕ್ಕಳಿಗೆ ಒಂದು ಮುನ್ಸೂಚನೆ ಇರುತ್ತದೆ: ಕಿವಿ ಗುಂಯ್‌ಗುಡುವುದು, ಗಂಟಲು ಕಟ್ಟಿದಂತಾಗುವುದು. ಆ ಕ್ಷಣದಲ್ಲಿ ಪಾದವನ್ನು ನೆಲಕ್ಕೆ ಒತ್ತಿ, ಕಾಣುವ ಐದು ವಸ್ತುಗಳ ಹೆಸರು ಹೇಳಿ, ಕೇಳುವ ಸದ್ದುಗಳನ್ನು ಎಣಿಸಿ, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಕಲಿಸುತ್ತಾರೆ. ಜಾರುತ್ತಿರುವ ಗಮನ ಇದರಿಂದ ಇರುವ ಜಾಗಕ್ಕೆ ಮರಳುತ್ತದೆ. ಗಾಬರಿಯಾದಾಗ ಮೊದಲ ಸಲ ಮಾಡಿ ನೋಡಿದರೆ ಆಗದು; ಚೆನ್ನಾಗಿರುವ ದಿನಗಳಲ್ಲೇ ರೂಢಿ ಮಾಡಿಕೊಳ್ಳಬೇಕು.

ಆತಂಕಕ್ಕೆ ಕೊಡುವ ಚಿಕಿತ್ಸೆಗೆ ಸಿಬಿಟಿ ಎನ್ನುತ್ತಾರೆ. ‘ಗಣಿತದಲ್ಲಿ ಫೇಲಾದ್ರೆ ಮುಗೀತು, ಮದುವೆ ಮಾಡ್ಬಿಡ್ತಾರೆ’ ಎಂಬ ಯೋಚನೆಯನ್ನು ಬಿಡಿಸಿ ನೋಡುವುದು ಒಂದು ಪಾಲು. ತಪ್ಪಿಸಿಕೊಳ್ಳುತ್ತಿರುವುದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು ಇನ್ನೊಂದು ಪಾಲು. ಮೊದಲು ಶಾಲೆಯ ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್, ಆಮೇಲೆ ಅರ್ಧ ದಿನ. ಇಲ್ಲಿ ನಮ್ಮ ಹೋಬಳಿಯ ಮಟ್ಟಿಗೆ ಒಂದು ಮಾತು. ಕಾಫಿ ತೋಟದ ದಾರಿಯಲ್ಲಿ ನಡೆದು ಬಸ್ಸು ಹಿಡಿಯುವ ಮಗು ಆನೆಗೆ ಹೆದರಿದರೆ ಅದು ಕಾಯಿಲೆಯಲ್ಲ, ಬುದ್ಧಿವಂತಿಕೆ. ಅದಕ್ಕೆ ಬೇಕಾದದ್ದು ಜೊತೆಗೊಬ್ಬರು ದೊಡ್ಡವರು, ಹೊತ್ತಿಗೆ ಸರಿಯಾದ ಬಸ್ಸು, ಆನೆ ಎಲ್ಲಿದೆ ಎಂಬ ಸುದ್ದಿ, ಸಿಬಿಟಿ ಅಲ್ಲ. ಒಳ್ಳೆಯ ಚಿಕಿತ್ಸಕರು ಇವೆರಡನ್ನೂ ಬೇರೆ ಮಾಡಿ ನೋಡುತ್ತಾರೆ.

ಎಷ್ಟು ಗುಣವಾಗುತ್ತದೆ? ಅಮೆರಿಕದಲ್ಲಿ 7ರಿಂದ 17 ವರ್ಷದ 488 ಆತಂಕಪೀಡಿತ ಮಕ್ಕಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರದಲ್ಲಿ ಸಿಬಿಟಿ ಪಡೆದವರಲ್ಲಿ ಸುಮಾರು ಶೇ 60, ಸರ್ಟ್ರಲಿನ್ ಮಾತ್ರೆ ಪಡೆದವರಲ್ಲಿ ಶೇ 55, ಎರಡನ್ನೂ ಪಡೆದವರಲ್ಲಿ ಶೇ 81 ಮಕ್ಕಳು ಸುಧಾರಿಸಿದರು. ಹುಸಿಮಾತ್ರೆಯಲ್ಲಿ ಶೇ 24. ಬೀಳುವ ತೊಂದರೆಗೆ ಇಷ್ಟು ಗಟ್ಟಿ ಪುರಾವೆ ಇಲ್ಲ. ಬ್ರಿಟನ್ನಿನಲ್ಲಿ 368 ವಯಸ್ಕರ ಮೇಲೆ ನಡೆದು 2020ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ, ವರ್ಷದ ಕೊನೆಗೆ ಬೀಳುವ ಸಂಖ್ಯೆಯಲ್ಲಿ ಸಿಬಿಟಿಯಿಂದ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರ ಮನಃಕ್ಲೇಶ ತಗ್ಗಿತು, ದಿನನಿತ್ಯದ ಬದುಕು ಸುಧಾರಿಸಿತು. ಒಂದೇ ತಿಂಗಳಲ್ಲಿ ಪೂರ್ತಿ ನಿಲ್ಲಿಸುತ್ತೇನೆ ಎನ್ನುವವರನ್ನು ನಂಬಬೇಡಿ.

ಮನೆಯವರ ಪಾತ್ರ ಅರ್ಧ. ಮಗು ಬಿದ್ದಾಗ ಪೆಟ್ಟಾಗದಂತೆ ಮಗ್ಗುಲಿಗೆ ಮಲಗಿಸಿ, ಗುಂಪು ಚದುರಿಸಿ, ಒಬ್ಬರೇ ಪಕ್ಕದಲ್ಲಿರಿ. ಬಾಯಿಗೆ ಏನೂ ಹಾಕಬೇಡಿ. ಕೆನ್ನೆಗೆ ಹೊಡೆಯುವುದು, ಹೊಗೆ ಹಾಕುವುದು ಹಿಂಸೆ. ಎದ್ದ ಮೇಲೆ ಇಡೀ ದಿನ ರಜೆ, ಬೇಕಾದ ತಿಂಡಿ ಎಂದು ಮುದ್ದು ಮಾಡುವುದೂ ಬೇಡ. ಆ ಗಮನ, ಆ ಮುದ್ದು ಚೆನ್ನಾಗಿರುವ ದಿನಗಳಲ್ಲಿ ಸಿಗಲಿ. ದೇವರಿಗೆ ಹರಕೆ ಕಟ್ಟಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಹರಕೆಯ ಜೊತೆಗೆ ಆಸ್ಪತ್ರೆಯೂ ಇರಲಿ.

ಇನ್ನೊಂದು ವಿಷಯ, ಹೇಳಲು ಕಷ್ಟವಾದದ್ದು. ಎಷ್ಟೋ ಸಲ ಇದರ ಹಿಂದೆ ಪರೀಕ್ಷೆ ಇರುವುದೇ ಇಲ್ಲ. ಮನೆಯಲ್ಲಿ ಕುಡಿತ, ಹೊಡೆತ, ಇಲ್ಲವೇ ಮಗುವಿನ ಮೈ ಮುಟ್ಟುವ ಒಬ್ಬ ಪರಿಚಿತ ಇರಬಹುದು. ಅದಕ್ಕೇ ಚಿಕಿತ್ಸಕರು ಮಗುವಿನ ಜೊತೆ ಒಂಟಿಯಾಗಿ ಮಾತನಾಡುತ್ತಾರೆ. ತಾಯಿತಂದೆ ಬೇಸರ ಮಾಡಿಕೊಳ್ಳಬಾರದು. ಅಂಥದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಎಲ್ಲಿಗೆ ಹೋಗಬೇಕು? ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ಬೇಲೂರಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಮೊದಲೇ ವಿಚಾರಿಸಿ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬಸ್ಸು ಹತ್ತುವ ಮುಂಚೆ ಯಾರನ್ನಾದರೂ ಕೇಳಬೇಕೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಹೋಗುವಾಗ ಹಳೆಯ ಚೀಟಿ, ಇಇಜಿ ರಿಪೋರ್ಟು, ಆ ವಿಡಿಯೊ ಮೂರನ್ನೂ ಮರೆಯದೆ ತೆಗೆದುಕೊಂಡು ಹೋಗಿ.