ಜ್ಯೂರಿ ಪದ್ಧತಿಯ ಗುಣದೋಷಗಳು

ಜ್ಯೂರಿ ಪದ್ಧತಿ ಎಂದರೆ ಸಾಮಾನ್ಯ ನಾಗರಿಕರ ಮಂಡಳಿಯೊಂದು ಮೊಕದ್ದಮೆಯ ಸಾಕ್ಷ್ಯವನ್ನು ಆಲಿಸಿ, ಆರೋಪಿಯು ತಪ್ಪಿತಸ್ಥನೇ ಅಲ್ಲವೇ ಎಂಬುದನ್ನು ನಿರ್ಣಯಿಸುವ ವಿಚಾರಣಾ ಕ್ರಮ. ಈ ಮಂಡಳಿಯನ್ನು ಕನ್ನಡದಲ್ಲಿ ತೀರ್ಪುಗಾರರ ಮಂಡಳಿ ಎಂದೂ ಕರೆಯುತ್ತಾರೆ. ನಡೆದ ಸಂಗತಿ ಯಾವುದೆಂಬ ತೀರ್ಮಾನ ಜ್ಯೂರಿಯದು. ಕಾನೂನನ್ನು ವಿವರಿಸುವ ಹಾಗೂ ಶಿಕ್ಷೆ ವಿಧಿಸುವ ಹೊಣೆ ನ್ಯಾಯಾಧೀಶರದು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ರೂಢಿಗೆ ಬಂದ ಈ ಪದ್ಧತಿಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸ್ಥಾನ ದೊರೆಯಲಿಲ್ಲ.

ಇತಿಹಾಸ

ಭಾರತದ ಮೊದಲ ಜ್ಯೂರಿ ವಿಚಾರಣೆ 1665ರಲ್ಲಿ ಮದರಾಸಿನಲ್ಲಿ ನಡೆಯಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸೆಷನ್ಸ್ ನ್ಯಾಯಾಲಯದ ವಿಚಾರಣೆ ಜ್ಯೂರಿಯ ಮುಂದೆ ಅಥವಾ ಅಸೆಸರುಗಳ ನೆರವಿನಿಂದ ನಡೆಯಬೇಕಿತ್ತು. ಯಾವ ಜಿಲ್ಲೆಯಲ್ಲಿ, ಯಾವ ಅಪರಾಧಗಳಿಗೆ ಜ್ಯೂರಿ ಇರಬೇಕೆಂಬುದನ್ನು ಸರ್ಕಾರ ಗೆಜೆಟಿನಲ್ಲಿ ಪ್ರಕಟಿಸುತ್ತಿತ್ತು. ಅಸೆಸರುಗಳೂ ಊರಿನ ಸಾಮಾನ್ಯರೇ. ಆದರೆ ಅವರ ಅಭಿಪ್ರಾಯ ನ್ಯಾಯಾಧೀಶರನ್ನು ಕಟ್ಟಿಹಾಕುತ್ತಿರಲಿಲ್ಲ. 1955ರ ತಿದ್ದುಪಡಿಯು ಅಸೆಸರು ಪದ್ಧತಿಯನ್ನು ಕೊನೆಗೊಳಿಸಿತು.

ಇಂದಿನ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಪ್ರದೇಶವು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಾಗಾಗಿ ಇದೇ ಸಂಹಿತೆ ಇಲ್ಲಿಗೂ ಅನ್ವಯಿಸುತ್ತಿತ್ತು. 1956ರ ನವೆಂಬರ್ 1ರಂದು ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು.

ಗುಣಗಳು

* ಅಧಿಕಾರಕ್ಕೆ ತಡೆ: 1670ರಲ್ಲಿ ಇಂಗ್ಲೆಂಡಿನ ಬುಶೆಲ್ ಪ್ರಕರಣದಲ್ಲಿ, ನ್ಯಾಯಾಧೀಶರಿಗೆ ಒಪ್ಪಿಗೆಯಾಗದ ನಿರ್ಣಯ ಕೊಟ್ಟ ಕಾರಣಕ್ಕೆ ಜ್ಯೂರರನ್ನು ದಂಡಿಸಲಾಗದು ಎಂಬ ತತ್ತ್ವ ಸ್ಥಾಪಿತವಾಯಿತು.
* ಹಲವರ ವಿವೇಚನೆ: ಒಬ್ಬರ ಕಣ್ಣು ತಪ್ಪಿದ ಅಂಶ ಇನ್ನೊಬ್ಬರಿಗೆ ಕಾಣಬಹುದು.
* ಜನರ ಪಾಲ್ಗೊಳ್ಳುವಿಕೆ: ಕಾನೂನು ಜನಸಾಮಾನ್ಯರಿಗೆ ಅರ್ಥವಾಗುವ ಮಾತಿನಲ್ಲಿ ವಾದಿಸಲ್ಪಡಬೇಕಾಗುತ್ತದೆ.

ದೋಷಗಳು

* ಮಂಡಳಿಯ ರಚನೆ: 1908ರಲ್ಲಿ ಬಾಲಗಂಗಾಧರ ತಿಲಕರ ರಾಜದ್ರೋಹ ಮೊಕದ್ದಮೆಯ ಜ್ಯೂರಿಯಲ್ಲಿ ಒಂಬತ್ತು ಜನರ ಪೈಕಿ ಏಳು ಮಂದಿ ಯುರೋಪಿಯನ್ನರಿದ್ದರು. 7–2ರ ಬಹುಮತದಿಂದ ತಿಲಕರು ದೋಷಿಯೆನಿಸಿ ಆರು ವರ್ಷಗಳ ಶಿಕ್ಷೆಗೆ ಗುರಿಯಾದರು. ಜ್ಯೂರಿ ಇದ್ದಮಾತ್ರಕ್ಕೆ ಅದು ಜನರ ಧ್ವನಿಯಾಗುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.
* ಹೊರಗಿನ ಪ್ರಭಾವ: 1959ರ ನಾನಾವತಿ ಪ್ರಕರಣವನ್ನು ಪತ್ರಿಕೆಗಳು ಭಾವೋದ್ರೇಕದಿಂದ ವರದಿ ಮಾಡಿದವು. ಜ್ಯೂರಿ 8–1ರಿಂದ ನೌಕಾಧಿಕಾರಿ ನಾನಾವತಿಯನ್ನು ನಿರ್ದೋಷಿ ಎಂದಿತು. ಇದನ್ನೊಪ್ಪದ ಸೆಷನ್ಸ್ ನ್ಯಾಯಾಧೀಶರು ವಿಷಯವನ್ನು ಮುಂಬಯಿ ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ವಿಧಿಸಿದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1961ರಲ್ಲಿ ಎತ್ತಿಹಿಡಿಯಿತು.
* ಕಾರಣ ನೀಡದ ನಿರ್ಣಯ: ನ್ಯಾಯಾಧೀಶರು ತಮ್ಮ ತೀರ್ಪಿಗೆ ಕಾರಣ ಬರೆಯಬೇಕು, ಜ್ಯೂರಿ ಬರೆಯಬೇಕಿಲ್ಲ. 1898ರ ಸಂಹಿತೆಯಡಿ ಜ್ಯೂರಿ ವಿಚಾರಣೆಯ ಮೇಲ್ಮನವಿಯನ್ನು ಸಾಮಾನ್ಯವಾಗಿ ಕಾನೂನಿನ ಪ್ರಶ್ನೆಗೆ ಸೀಮಿತಗೊಳಿಸಲಾಗಿತ್ತು.

ಪುತ್ತೂರು, ಸುಳ್ಯ, ಕಡಬದ ಹಿನ್ನೆಲೆಯಲ್ಲಿ

ಈ ಮೂರು ತಾಲೂಕುಗಳಲ್ಲಿ ತುಳು, ಕನ್ನಡ, ಅರೆಭಾಷೆ, ಬ್ಯಾರಿ, ಮಲಯಾಳ, ಕೊಂಕಣಿ ಮೊದಲಾದ ಮಾತುಗಳು ಬಳಕೆಯಲ್ಲಿವೆ. ತುಳುವಿನಲ್ಲೋ ಅರೆಭಾಷೆಯಲ್ಲೋ ಹೇಳಿದ ಸಾಕ್ಷ್ಯ ಅನುವಾದಗೊಂಡು ದಾಖಲಾಗುವಾಗ ಮಾತಿನ ಧಾಟಿ ಕಳೆದುಹೋಗಬಹುದು. ಸ್ಥಳೀಯ ಜ್ಯೂರರಿಗೆ ಅದು ನೇರವಾಗಿ ತಿಳಿಯುತ್ತದೆ. ಅಡಿಕೆ ತೋಟದ ನೀರು, ಕುಮ್ಕಿ ಜಾಗ ಮೊದಲಾದ ಕಾರಣಗಳಿಂದ ಹುಟ್ಟುವ ಹೊಡೆದಾಟದ ಹಿನ್ನೆಲೆಯೂ ಊರವರಿಗೆ ಬೇಗ ಅರ್ಥವಾಗುತ್ತದೆ.

ಆದರೆ ಈ ಪರಿಚಯವೇ ತೊಡಕೂ ಹೌದು. ನೆಂಟಸ್ತಿಕೆ, ದೇವಸ್ಥಾನ, ಸಹಕಾರಿ ಸಂಘ, ಸಾಲದ ವ್ಯವಹಾರಗಳಿಂದ ಹೆಣೆದುಕೊಂಡ ಗ್ರಾಮಗಳಲ್ಲಿ ಆರೋಪಿಗೂ ಫಿರ್ಯಾದಿಗೂ ಸಂಬಂಧವಿಲ್ಲದವರನ್ನು ಹುಡುಕುವುದು ಸುಲಭವಲ್ಲ. ತೀರ್ಪಿತ್ತ ಬಳಿಕವೂ ಜ್ಯೂರರು ಅದೇ ಊರಿನಲ್ಲಿ ಬಾಳಬೇಕು. 1898ರ ಸಂಹಿತೆಯ ಮೂಲ ರೂಪದಂತೆ ಪಟ್ಟಿಗೆ ಸೇರುತ್ತಿದ್ದವರು 21ರಿಂದ 60 ವರ್ಷದ ಪುರುಷರು ಮಾತ್ರ; ಅವರಲ್ಲಿ ಯೋಗ್ಯರು ಯಾರೆಂಬುದನ್ನು ಸೆಷನ್ಸ್ ನ್ಯಾಯಾಧೀಶರು ಮತ್ತು ಕಲೆಕ್ಟರು ನಿರ್ಧರಿಸುತ್ತಿದ್ದರು. ಇಂಥ ಪಟ್ಟಿಯಲ್ಲಿ ಮಹಿಳೆಯರಿಗೆ ಎಡೆಯಿರಲಿಲ್ಲ. ಅಕ್ಷರ ಬಾರದ ಚಾಲಗೇಣಿ ಒಕ್ಕಲಿಗೂ ಕೂಲಿಯವನಿಗೂ ಸ್ಥಾನ ಸಿಗುವುದು ಕಷ್ಟವಾಗಿತ್ತು. ಧಣಿಯ ವಿರುದ್ಧ ದೂರಿತ್ತ ಒಕ್ಕಲಿಗೆ ಧಣಿಗಳೇ ಕುಳಿತ ಮಂಡಳಿಯಿಂದ ನ್ಯಾಯ ದೊರೆಯುವ ಭರವಸೆ ಕಡಿಮೆ.

ಇಂದಿನ ಸ್ಥಿತಿ

ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ ಜ್ಯೂರಿಯನ್ನು ರದ್ದುಪಡಿಸಲು ಶಿಫಾರಸು ಮಾಡಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಸಂಹಿತೆಯಲ್ಲಾಗಲಿ, 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಾಗಲಿ ಜ್ಯೂರಿಗೆ ಅವಕಾಶವಿಲ್ಲ. ಪಾರ್ಸಿ ವಿವಾಹ ವ್ಯಾಜ್ಯಗಳಲ್ಲಿ ಮಾತ್ರ ಸಮುದಾಯದ ಪ್ರತಿನಿಧಿಗಳು ನ್ಯಾಯಾಧೀಶರಿಗೆ ನೆರವಾಗುವ ಕ್ರಮ ಉಳಿದಿದೆ.

ಜಪಾನ್ 2009ರಿಂದ ಗಂಭೀರ ಅಪರಾಧಗಳ ವಿಚಾರಣೆಯಲ್ಲಿ ಸಾಮಾನ್ಯವಾಗಿ ಮೂವರು ನ್ಯಾಯಾಧೀಶರೊಂದಿಗೆ ಆರು ನಾಗರಿಕರನ್ನು ಕೂರಿಸುತ್ತಿದೆ. ಜನರ ಅನುಭವವನ್ನೂ ಕಾರಣಸಹಿತ ತೀರ್ಪನ್ನೂ ಒಂದೆಡೆ ತರುವ ಮಧ್ಯಮ ಮಾರ್ಗ ಇದಾಗಿದೆ.