ದಪ್ಪ ಬೆಕ್ಕಿಗೆ ಉಪವಾಸ ಹಾಕುವುದು ಅಪಾಯ: ತೂಕ ಇಳಿಸಲು ಸರಿಯಾದ ದಾರಿ ಯಾವುದು?

ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿಯುವ ಅವಸರ. ಬೆಕ್ಕಿನ ಬಟ್ಟಲಿಗೆ ಡ್ರೈ ಫುಡ್ ತುಂಬಿಸಿ ಬಾಗಿಲು ಹಾಕಿದರೆ, ಮತ್ತೆ ತೆರೆಯುವುದು ರಾತ್ರಿ ಎಂಟೂವರೆಗೋ ಒಂಬತ್ತಕ್ಕೋ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಬೆಕ್ಕು ಸಾಕಿರುವ ಅನೇಕ ಮನೆಗಳ ದಿನಚರಿ ಇದು. ಕಲ್ಯಾಣದಿಂದ ಸಿಎಸ್‌ಎಂಟಿಗೆ ಸುಮಾರು 54 ಕಿ.ಮೀ. ದೂರ. ಹೋಗಿ ಬರುವುದರಲ್ಲೇ ಮೂರು ಗಂಟೆ ಕಳೆಯುವವರಿಗೆ ಬೆಕ್ಕಿಗೆ ಹೊತ್ತು ಹೊತ್ತಿಗೆ ಊಟ ಹಾಕಲು ಪುರುಸೊತ್ತು ಎಲ್ಲಿ? ದಿನವಿಡೀ ತುಂಬಿರುವ ಬಟ್ಟಲು, ಮಲಗಲು ಸೋಫಾ, ಓಡಾಡಲು ಎರಡು ಕೋಣೆ. ಎರಡು-ಮೂರು ವರ್ಷ ಕಳೆಯುವಷ್ಟರಲ್ಲಿ ನಾಲ್ಕು ಕಿಲೊ ಇರಬೇಕಾದ ಬೆಕ್ಕು ಆರು ಕಿಲೊ ಆಗಿರುತ್ತದೆ.

ಗುಂಡಗಿನ ಬೆಕ್ಕು ನೋಡಲು ಮುದ್ದಾಗಿಯೇ ಇರುತ್ತದೆ. ಆದರೆ ಅತಿಯಾದ ತೂಕ ಬೆಕ್ಕಿನಲ್ಲಿ ಮಧುಮೇಹದ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಕೀಲುನೋವು, ಮೂತ್ರದ ತೊಂದರೆ, ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳಲಾಗದೆ ಬರುವ ಚರ್ಮದ ಸಮಸ್ಯೆಗಳೂ ಜೊತೆಗೂಡುತ್ತವೆ. ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆಯಲ್ಲ. ಅಮೆರಿಕದಲ್ಲಿ ಸಾಕುಪ್ರಾಣಿಗಳ ಬೊಜ್ಜು ತಡೆಗಾಗಿ ಕೆಲಸ ಮಾಡುವ ಸಂಘಟನೆಯೊಂದರ 2022ರ ಸಮೀಕ್ಷೆಯಲ್ಲಿ ಶೇ.61ರಷ್ಟು ಬೆಕ್ಕುಗಳು ಅತಿತೂಕದವು ಎಂದು ಕಂಡುಬಂದಿತ್ತು.

ಹಾಗಾದರೆ ನಾಳೆಯಿಂದಲೇ ಊಟ ಅರ್ಧ ಮಾಡಿಬಿಡೋಣ ಎಂದುಕೊಂಡರೆ ಅದು ದೊಡ್ಡ ತಪ್ಪು. ಬೆಕ್ಕಿನ ತೂಕ ಇಳಿಸುವಾಗ ಮೊದಲು ತಿಳಿಯಬೇಕಾದ ವಿಷಯ ಇದೇ.

ಉಪವಾಸ ಏಕೆ ಅಪಾಯ?

ಮನುಷ್ಯರು ಏಕಾದಶಿಗೆ ಒಂದು ದಿನ ಉಪವಾಸ ಮಾಡಿದರೆ ಏನೂ ಆಗುವುದಿಲ್ಲ. ಬೆಕ್ಕಿನ ದೇಹ ಹಾಗಲ್ಲ. ಊಟ ನಿಂತಾಗ ದೇಹದಲ್ಲಿ ಶೇಖರವಾಗಿದ್ದ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಹರಿದು ಬರುತ್ತದೆ. ಅಷ್ಟೊಂದು ಕೊಬ್ಬನ್ನು ಒಮ್ಮೆಲೇ ನಿಭಾಯಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಕೊಬ್ಬು ಅಲ್ಲೇ ತುಂಬಿಕೊಂಡು ಲಿವರ್ ಕೆಲಸ ನಿಲ್ಲಿಸತೊಡಗುತ್ತದೆ. ಪಶುವೈದ್ಯರು ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ.

ಬೆಕ್ಕು ದಪ್ಪ ಇದ್ದಷ್ಟೂ ಈ ಅಪಾಯ ಹೆಚ್ಚು. ಎರಡು-ಮೂರು ದಿನ ಏನೂ ತಿನ್ನದಿದ್ದರೂ ಸಾಕು, ಸಮಸ್ಯೆ ಶುರುವಾಗಬಹುದು. ಮಂಕಾಗುವುದು, ವಾಂತಿ, ಜೊಲ್ಲು ಸುರಿಸುವುದು, ಕಿವಿಯ ಒಳಭಾಗ ಮತ್ತು ಒಸಡು ಹಳದಿಯಾಗುವುದು ಇದರ ಲಕ್ಷಣಗಳು. ಚಿಕಿತ್ಸೆ ತಡವಾದರೆ ಜೀವಕ್ಕೇ ಕುತ್ತು. ಹೀಗಾಗಿ ದಪ್ಪ ಬೆಕ್ಕು 24 ಗಂಟೆ ಏನೂ ಮುಟ್ಟದಿದ್ದರೆ ಪಶುವೈದ್ಯರಿಗೆ ತಿಳಿಸಬೇಕು.

"ಹಸಿವಾದರೆ ತಾನಾಗಿಯೇ ತಿನ್ನುತ್ತದೆ" ಎಂಬ ಮಾತು ಬೆಕ್ಕಿನ ವಿಷಯದಲ್ಲಿ ನಿಜವಲ್ಲ. ಇಷ್ಟವಿಲ್ಲದ ಆಹಾರವನ್ನು ದಿನಗಟ್ಟಲೆ ಮೂಸಿ ಬಿಡುವ ಹಟ ಬೆಕ್ಕಿಗಿದೆ.

ಶ್ರಾವಣ, ಮೇ ರಜೆಯಲ್ಲಿ ಎಚ್ಚರ

ಈ ಭಾಗದಲ್ಲಿ ಬೆಕ್ಕು ದಿಢೀರನೆ ಊಟ ಬಿಡುವ ಸಂದರ್ಭಗಳು ವರ್ಷದಲ್ಲಿ ಕೆಲವು ಬಾರಿ ತಾನಾಗಿಯೇ ಬರುತ್ತವೆ. ಕರಾವಳಿಯಿಂದ ಬಂದು ನೆಲೆಸಿರುವ ಮನೆಗಳಲ್ಲಿ ಬೆಕ್ಕಿಗೆ ಬಂಗುಡೆ, ಬೂತಾಯಿಯ ರುಚಿ ಹತ್ತಿರುತ್ತದೆ. ಜೂನ್-ಜುಲೈ ತಿಂಗಳಲ್ಲಿ ಮೀನುಗಾರಿಕೆ ನಿಷೇಧದಿಂದ ತಾಜಾ ಮೀನು ಕಡಿಮೆಯಾಗುತ್ತದೆ. ಶ್ರಾವಣ ಬಂದರೆ ಅನೇಕ ಮನೆಗಳಲ್ಲಿ ಮೀನು-ಮಾಂಸ ಒಳಗೇ ಬರುವುದಿಲ್ಲ. ಅದುವರೆಗೆ ಮೀನು ತಿಂದ ಬೆಕ್ಕಿನ ಮುಂದೆ ಒಮ್ಮೆಲೇ ಹಾಲು-ಅನ್ನ ಇಟ್ಟರೆ ಅದು ಮುಖ ತಿರುಗಿಸುತ್ತದೆ.

ಮೇ ತಿಂಗಳಲ್ಲಿ ಮನೆಯವರು ಊರಿಗೆ ಹೋದಾಗಲೂ ಇದೇ ಕಥೆ. ಪಕ್ಕದ ಮನೆಯಲ್ಲಿ ಅಥವಾ ಬೋರ್ಡಿಂಗ್‌ನಲ್ಲಿ ಬಿಟ್ಟ ಬೆಕ್ಕು ಹೆದರಿಕೆಯಿಂದ ಊಟ ಬಿಡಬಹುದು. ಆದ್ದರಿಂದ ಆಹಾರ ಬದಲಿಸುವುದಿದ್ದರೆ ಏಳರಿಂದ ಹತ್ತು ದಿನ ತೆಗೆದುಕೊಂಡು, ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಬೆಕ್ಕನ್ನು ಬೇರೆಯವರಿಗೆ ಒಪ್ಪಿಸುವಾಗ "ಊಟ ಹಾಕಿ" ಎಂದಷ್ಟೇ ಅಲ್ಲ, "ತಿಂದಿತೇ ಎಂದು ನೋಡಿ" ಎಂದೂ ಹೇಳಬೇಕು.

ಬೆಕ್ಕು ದಪ್ಪಗಿದೆ ಎಂದು ತಿಳಿಯುವುದು ಹೇಗೆ?

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ನಾಡು ಬೆಕ್ಕಿಗೆ ಸುಮಾರು ಮೂರೂವರೆಯಿಂದ ನಾಲ್ಕೂವರೆ ಕಿಲೊ ಸರಿಯಾದ ತೂಕ. ಮೈಕಟ್ಟು ದೊಡ್ಡದಿದ್ದರೆ ಸ್ವಲ್ಪ ಹೆಚ್ಚಿರಬಹುದು. ಆದರೆ ತೂಕದ ಅಂಕಿಗಿಂತ ಕೈಯ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ.

ಬೆಕ್ಕಿನ ಪಕ್ಕೆಯ ಮೇಲೆ ಬೆರಳುಗಳನ್ನು ಹಗುರವಾಗಿ ಆಡಿಸಬೇಕು. ನಮ್ಮ ಕೈಯ ಹಿಂಭಾಗವನ್ನು ಸವರಿದಾಗ ಮೂಳೆ ಸಿಗುವಂತೆ ಪಕ್ಕೆಲುಬು ಸಿಕ್ಕರೆ ತೂಕ ಸರಿಯಾಗಿದೆ. ಅಂಗೈಯನ್ನು ಮುಟ್ಟಿದಂತೆ ಮೆತ್ತಗಿದ್ದು, ಒತ್ತಿದರೆ ಮಾತ್ರ ಮೂಳೆ ಸಿಗುವಂತಿದ್ದರೆ ತೂಕ ಹೆಚ್ಚಾಗಿದೆ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಸ್ವಲ್ಪ ಒಳಸರಿದಿರಬೇಕು. ಪರ್ಷಿಯನ್ ಬೆಕ್ಕುಗಳಲ್ಲಿ ಉದ್ದ ಕೂದಲು ಎಲ್ಲವನ್ನೂ ಮುಚ್ಚುವುದರಿಂದ ಕೈಯಿಂದ ಮುಟ್ಟಿ ನೋಡಲೇಬೇಕು. ಚಪ್ಪಟೆ ಮೂಗಿನ ಈ ತಳಿಗೆ ಬೊಜ್ಜು ಸೇರಿಕೊಂಡರೆ ಮುಂಬಯಿಯ ಸೆಕೆಯಲ್ಲಿ ಉಸಿರಾಟವೇ ಕಷ್ಟವಾಗುತ್ತದೆ.

ಹಿಂಗಾಲುಗಳ ಮುಂದೆ ಜೋಲುವ ಚರ್ಮದ ಚೀಲ ಮಾತ್ರ ಬೊಜ್ಜಿನ ಗುರುತಲ್ಲ. ತೆಳ್ಳಗಿನ ಬೆಕ್ಕಿಗೂ ಅದು ಇರುತ್ತದೆ. ಇನ್ನೊಂದು ಮಾತು: ಮೈ ತೆಳ್ಳಗಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಕೊಬ್ಬಲ್ಲದೆ ಜಂತುಹುಳು, ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಅಥವಾ ಗರ್ಭವೂ ಆಗಿರಬಹುದು. ಹೀಗಾಗಿ ತೂಕ ಇಳಿಸಲು ಶುರು ಮಾಡುವ ಮೊದಲು ಒಮ್ಮೆ ಪಶುವೈದ್ಯರ ತಪಾಸಣೆ ಅಗತ್ಯ. ಹತ್ತಿರದ ಕ್ಲಿನಿಕ್‌ನಲ್ಲಿ ಬಗೆಹರಿಯದ ಸಮಸ್ಯೆ ಇದ್ದರೆ ಪರೇಲ್‌ನಲ್ಲಿ 1886ರಿಂದ ಇರುವ ಮುಂಬಯಿ ಪಶುವೈದ್ಯಕೀಯ ಕಾಲೇಜು ಮತ್ತು ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇವೆ.

ದಿನಕ್ಕೆ ಎಷ್ಟು ಊಟ ಬೇಕು?

ಆರು ಕಿಲೊ ತೂಗುವ, ನಾಲ್ಕೂವರೆ ಕಿಲೊ ಇರಬೇಕಾದ ಬೆಕ್ಕನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪಶುವೈದ್ಯರ ಲೆಕ್ಕದ ಪ್ರಕಾರ ನಾಲ್ಕೂವರೆ ಕಿಲೊ ಬೆಕ್ಕಿನ ದೇಹ ವಿಶ್ರಾಂತಿಯಲ್ಲಿದ್ದಾಗ ದಿನಕ್ಕೆ ಸುಮಾರು 215 ಕಿಲೊ ಕ್ಯಾಲೊರಿ ಬಳಸುತ್ತದೆ. ತೂಕ ಇಳಿಸಲು ಸಾಮಾನ್ಯವಾಗಿ ಅದರ ಶೇ.80ರಷ್ಟನ್ನು ಗುರಿಯಾಗಿ ಇಡುತ್ತಾರೆ. ಅಂದರೆ ಸುಮಾರು 170 ಕಿಲೊ ಕ್ಯಾಲೊರಿ.

ಡ್ರೈ ಫುಡ್‌ನ ಒಂದು ಗ್ರಾಂನಲ್ಲಿ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಕಿಲೊ ಕ್ಯಾಲೊರಿ ಇರುತ್ತದೆ. ಆ ಲೆಕ್ಕದಲ್ಲಿ ದಿನಕ್ಕೆ 45ರಿಂದ 50 ಗ್ರಾಂ ಸಾಕು. ಆದರೆ ಬೆಳಿಗ್ಗೆ ಕಣ್ಣಳತೆಯಲ್ಲಿ ಸುರಿಯುವ ಒಂದು ಬಟ್ಟಲಿನಲ್ಲಿ ಸುಮಾರು 100 ಗ್ರಾಂ ಇರುತ್ತದೆ! ರಾತ್ರಿ ಬಂದು "ಪಾಪ, ಒಂಟಿಯಾಗಿತ್ತು" ಎಂದು ಇನ್ನಷ್ಟು ಹಾಕಿದರೆ ಎರಡು ಬೆಕ್ಕುಗಳ ಊಟ ಒಂದರ ಹೊಟ್ಟೆ ಸೇರುತ್ತದೆ.

ಹಾಗೆಂದು 100 ಗ್ರಾಂನಿಂದ 50ಕ್ಕೆ ಒಮ್ಮೆಲೇ ಇಳಿಯಬಾರದು. ಮೊದಲ ವಾರ ಬೆಕ್ಕು ಈಗ ಎಷ್ಟು ತಿನ್ನುತ್ತಿದೆ ಎಂದು ತೂಗಿ ಬರೆದಿಡಬೇಕು. ನಂತರ ಶೇ.10ರಿಂದ 15ರಷ್ಟು ಕಡಿಮೆ ಮಾಡಿ ಎರಡು ವಾರ ನೋಡಬೇಕು. ತೂಕ ಇಳಿಯದಿದ್ದರೆ ಮತ್ತೊಂದು ಹೆಜ್ಜೆ. ಗುರಿಯ ಪ್ರಮಾಣ ಎಷ್ಟಿರಬೇಕು ಎಂಬುದನ್ನು ಬೆಕ್ಕಿನ ವಯಸ್ಸು, ಕಾಯಿಲೆ ನೋಡಿ ವೈದ್ಯರೇ ನಿರ್ಧರಿಸುವುದು ಒಳ್ಳೆಯದು. ಮಾಮೂಲಿ ಆಹಾರವನ್ನು ತೀರಾ ಕಡಿಮೆ ಮಾಡಿದರೆ ಪ್ರೋಟೀನ್, ವಿಟಮಿನ್‌ಗಳೂ ಕಡಿಮೆಯಾಗುತ್ತವೆ. ಅಂಥ ಸಂದರ್ಭದಲ್ಲಿ ಅವರು ತೂಕ ಇಳಿಸುವುದಕ್ಕೆಂದೇ ತಯಾರಿಸಿದ ಆಹಾರವನ್ನು ಸೂಚಿಸುತ್ತಾರೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಬೇಕಾಗುವ ಕ್ಯಾಲೊರಿ ಮಾತ್ರ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸುವುದು ಸರಿಯೇ. ಆದರೆ ಅಂದಿನಿಂದಲೇ ಬಟ್ಟಲಿನ ಅಳತೆ ಬದಲಾಗಬೇಕು.

ಡಬ್ಬಿ ಉಪಾಯ

ಬೆಳಿಗ್ಗೆ ಹೊರಡುವ ಮುನ್ನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಆ ದಿನದ ಪೂರ್ತಿ ಆಹಾರವನ್ನು ತೂಗಿ ಒಂದು ಡಬ್ಬಿಗೆ ಹಾಕಿಡುವುದು ಅತ್ಯಂತ ಸುಲಭದ ಉಪಾಯ. ಮನೆಯಲ್ಲಿ ಯಾರೇ ಬೆಕ್ಕಿಗೆ ಊಟ ಹಾಕಿದರೂ ಆ ಡಬ್ಬಿಯಿಂದಲೇ ಹಾಕಬೇಕು. ಡಬ್ಬಿ ಖಾಲಿಯಾದರೆ ಆ ದಿನದ ಊಟ ಮುಗಿಯಿತು. ಅಜ್ಜಿ ಒಮ್ಮೆ, ಮಕ್ಕಳು ಒಮ್ಮೆ, ಅಮ್ಮ ಒಮ್ಮೆ ಹಾಕುವ ಮನೆಗಳಲ್ಲಿ ಈ ಒಂದೇ ನಿಯಮ ಅರ್ಧ ಸಮಸ್ಯೆ ಬಗೆಹರಿಸುತ್ತದೆ. ಮಳೆಗಾಲದಲ್ಲಿ ಡ್ರೈ ಫುಡ್ ಮೆತ್ತಗಾಗಿ ಬೂಸ್ಟು ಹಿಡಿಯುವುದೂ ತಪ್ಪುತ್ತದೆ.

ಬೆಕ್ಕಿನ ಸ್ವಭಾವವೇ ಸ್ವಲ್ಪ ಸ್ವಲ್ಪ, ಹಲವು ಬಾರಿ ತಿನ್ನುವುದು. ಹೀಗಾಗಿ ದಿನದ ಪಾಲನ್ನು ನಾಲ್ಕೈದು ಭಾಗ ಮಾಡಬೇಕು. ಹಗಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಹೊತ್ತಿಗೆ ಸರಿಯಾಗಿ ತಾನೇ ತೆರೆದುಕೊಳ್ಳುವ ಫೀಡರ್‌ಗಳು ಸಿಗುತ್ತವೆ. ಎರಡು ಬೆಕ್ಕುಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಹಾಕಿ, ಇಪ್ಪತ್ತು ನಿಮಿಷದ ನಂತರ ಬಟ್ಟಲು ತೆಗೆಯಬೇಕು. ಚಾಳ್ ಅಥವಾ ಸೊಸೈಟಿಯಲ್ಲಿ ಓಡಾಡುವ ಬೆಕ್ಕಾದರೆ ಅಕ್ಕಪಕ್ಕದವರಿಗೂ ವಿಷಯ ತಿಳಿಸಬೇಕು. ನಾಲ್ಕು ಮನೆಯಲ್ಲಿ ತಿಂದು ಬರುವ ಬೆಕ್ಕಿಗೆ ಒಂದು ಮನೆಯ ಲೆಕ್ಕದಿಂದ ಏನೂ ಪ್ರಯೋಜನವಿಲ್ಲ.

ಏನು ಹಾಕಬೇಕು, ಏನು ಬೇಡ?

ಬೆಕ್ಕು ಮಾಂಸಾಹಾರಿ ಪ್ರಾಣಿ. ಟಾರಿನ್‌ನಂಥ ಅಗತ್ಯ ಪೋಷಕಾಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಅನ್ನ, ಚಪಾತಿ, ಬಿಸ್ಕತ್ತು ಹೊಟ್ಟೆ ತುಂಬಿಸುತ್ತವೆ, ಆದರೆ ಬೇಕಾದ್ದನ್ನು ಕೊಡುವುದಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ಕುಡಿಯಲು ಶುದ್ಧ ನೀರು ಸಾಕು.

ಪೌಚ್‌ನಲ್ಲಿ ಸಿಗುವ ವೆಟ್ ಫುಡ್‌ನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ ಇರುವುದರಿಂದ ಕಡಿಮೆ ಕ್ಯಾಲೊರಿಯಲ್ಲಿ ಹೊಟ್ಟೆ ತುಂಬುತ್ತದೆ. ದಿನದ ಪಾಲಿನ ಒಂದು ಭಾಗವನ್ನು ಅದಕ್ಕೆ ಬದಲಿಸಬಹುದು. ಮನೆಯಲ್ಲಿ ಬೇಯಿಸಿದ ಕೋಳಿ ಅಥವಾ ಮೀನು ಹಾಕುವುದಿದ್ದರೆ ಉಪ್ಪು, ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಆದ್ದರಿಂದ ಸಾರಿನಿಂದ ತೆಗೆದ ತುಂಡು ಹಾಕಲೇಬಾರದು. ಉಪ್ಪಿನ ಒಣಮೀನೂ ಬೇಡ. ಚೀಸ್, ಟ್ರೀಟ್‌ಗಳೆಲ್ಲ ಸೇರಿ ದಿನದ ಕ್ಯಾಲೊರಿಯ ಶೇ.10 ಮೀರಬಾರದು. ಚಿಕ್ಕ ಚೀಸ್ ತುಂಡು ನಮಗೆ ಏನೂ ಅಲ್ಲ. ಬೆಕ್ಕಿಗೆ ಅದು ದಿನದ ಊಟದ ಕಾಲು ಭಾಗ ಆಗಬಹುದು.

ಫ್ಲ್ಯಾಟಿನಲ್ಲೇ ಓಡಾಟ

ಬೆಕ್ಕನ್ನು ವಾಕಿಂಗ್ ಕರೆದುಕೊಂಡು ಹೋಗಲಾಗದು. ಆದರೆ ಬೇಟೆಯ ಆಟ ಆಡಿಸಬಹುದು. ಕೋಲಿಗೆ ದಾರ ಕಟ್ಟಿ ತುದಿಯಲ್ಲಿ ಬಟ್ಟೆ ತುಂಡು ಸಿಕ್ಕಿಸಿ ಎಳೆದರೆ ಸಾಕು. ಒಮ್ಮೆಗೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು-ಮೂರು ಬಾರಿ. ಆಟ ಮುಗಿದ ಮೇಲೆ ದಾರ ಎತ್ತಿಡಬೇಕು, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಬೆಕ್ಕು ಸಹಜವಾಗಿ ಚುರುಕಾಗಿರುವುದು ಬೆಳಗಿನ ಜಾವ ಮತ್ತು ಸಂಜೆಯ ನಂತರ. ಕೆಲಸಕ್ಕೆ ಹೋಗುವವರು ಮನೆಯಲ್ಲಿರುವ ಹೊತ್ತೂ ಅದೇ.

ಪ್ಲಾಸ್ಟಿಕ್ ಬಾಟಲಿಗೆ ಡ್ರೈ ಫುಡ್ ಉದುರುವಷ್ಟು ತೂತು ಮಾಡಿ ಅದರಲ್ಲಿ ಸ್ವಲ್ಪ ಆಹಾರ ಹಾಕಿಟ್ಟರೆ ಬೆಕ್ಕು ಉರುಳಿಸಿ ಉರುಳಿಸಿ ತಿನ್ನುತ್ತದೆ. ತೂತಿನ ಅಂಚು ಚೂಪಾಗಿರಬಾರದು. ಒಂಟಿಯಾಗಿರುವ ಹಗಲಿನಲ್ಲಿ ಇದು ಊಟವೂ ಹೌದು, ಆಟವೂ ಹೌದು.

ಎಷ್ಟು ದಿನ ಬೇಕು?

ವಾರಕ್ಕೆ ದೇಹತೂಕದ ಶೇ.0.5ರಿಂದ 1ರಷ್ಟು ಇಳಿದರೆ ಸಾಕು. ಶೇ.2ಕ್ಕಿಂತ ಹೆಚ್ಚು ಇಳಿಯಬಾರದು. ಆರು ಕಿಲೊ ಬೆಕ್ಕಿಗೆ ಇದು ವಾರಕ್ಕೆ 30ರಿಂದ 60 ಗ್ರಾಂ. ವಾರಕ್ಕೆ 50 ಗ್ರಾಂನಂತೆ ಒಂದೂವರೆ ಕಿಲೊ ಇಳಿಯಲು 30 ವಾರ ಬೇಕು. ಗಣೇಶ ಚತುರ್ಥಿಗೆ ಶುರು ಮಾಡಿದರೆ ಗುರಿ ಮುಟ್ಟುವುದು ಯುಗಾದಿಯ ಹೊತ್ತಿಗೆ!

ಮನುಷ್ಯರ ತಕ್ಕಡಿಯಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ. ಊರಿಗೆ ಹೋಗುವಾಗ ಬ್ಯಾಗ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಇದ್ದರೆ ಗಟ್ಟಿ ಹಿಡಿಯ ಕ್ಯಾರಿಯರ್ ಸಮೇತ ಬೆಕ್ಕನ್ನು ತೂಗಿ, ಖಾಲಿ ಕ್ಯಾರಿಯರ್ ತೂಕ ಕಳೆಯಬಹುದು. ಇಲ್ಲದಿದ್ದರೆ ಕ್ಲಿನಿಕ್‌ನಲ್ಲಿ ತೂಗಿಸಬಹುದು. ಎರಡು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದಲ್ಲಿ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಒಂದು ತಿಂಗಳಾದರೂ ಇಳಿಯದಿದ್ದರೆ, ಅಥವಾ ಬೇಗ ಬೇಗ ಇಳಿಯುತ್ತಿದ್ದರೆ ವೈದ್ಯರನ್ನು ಕೇಳಬೇಕು. ಏನೂ ಕಡಿಮೆ ಮಾಡದೆ ತಾನಾಗಿಯೇ ತೂಕ ಇಳಿದು, ಬೆಕ್ಕು ಹೆಚ್ಚು ನೀರು ಕುಡಿಯುತ್ತಿದ್ದರೆ ಅದು ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆಯ ಸೂಚನೆ ಇರಬಹುದು.

ಅಡುಗೆಮನೆಯಲ್ಲಿ ಕಾಲಿಗೆ ಸುತ್ತಿಕೊಂಡು ಮಿಯಾಂವ್ ಎನ್ನುವ ಬೆಕ್ಕಿಗೆ ಪ್ರತಿ ಸಲವೂ ಹಸಿವೇ ಆಗಿರಬೇಕೆಂದಿಲ್ಲ. ಹನ್ನೆರಡು ಗಂಟೆ ಒಂಟಿಯಾಗಿದ್ದ ಪ್ರಾಣಿ ಬಯಸುವುದು ಹೆಚ್ಚಾಗಿ ಮನೆಯವರ ಸಂಗ. ರಾತ್ರಿ ಬಂದ ಕೂಡಲೇ ಬಟ್ಟಲಿಗೆ ಕೈ ಹಾಕುವ ಮೊದಲು ಹತ್ತು ನಿಮಿಷ ಆಡಿಸಿ, ತಲೆ ಸವರಿ ನೋಡಬೇಕು. ಆಮೇಲೂ ಕೇಳಿದರೆ, ಡಬ್ಬಿಯಲ್ಲಿ ಅದರ ಪಾಲು ಇದ್ದೇ ಇದೆ.